ಸೌಖ್ಯದ ಊರಿಗೆ ದನದ ಆಸ್ಪತ್ರೆ

ನಮ್ಮ ಕಡೆಯ ಶಾಸಕರಿಗೆ ಎರಡು ವಿಷಯಗಳಲ್ಲಿ ಗಟ್ಟಿ ಅಭಿಪ್ರಾಯಗಳಿದ್ದವು. ಒಂದು ಬೇಸಾಯ, ಇನ್ನೊಂದು ಹಳ್ಳಿಯವರ ಆರೋಗ್ಯ. ಬೇಸಾಯ ಅವರಿಗೆ ಗೊತ್ತಿತ್ತು. ಆರೋಗ್ಯದ ವಿಷಯದಲ್ಲಿ ಅಭಿಪ್ರಾಯ ಮಾತ್ರ ಇತ್ತು. ಗೊತ್ತಿದ್ದದ್ದನ್ನು ಮೆಲ್ಲಗೆ ಹೇಳುತ್ತಿದ್ದರು, ಗೊತ್ತಿಲ್ಲದ್ದನ್ನು ಮೈಕ್ ಹಿಡಿದು ಹೇಳುತ್ತಿದ್ದರು. ಇದರಲ್ಲಿ ಅವರದು ವಿಶೇಷ ತಪ್ಪೇನಿಲ್ಲ. ನಾನು ಮೂವತ್ತಾರು ವರ್ಷ ಶಾಲೆಯಲ್ಲಿ ಮಾಡಿದ್ದೂ ಅದನ್ನೇ.

ನಮ್ಮ ಜಿಲ್ಲೆಯನ್ನು ಮದ್ರಾಸಿನ ಗೂಟದಿಂದ ಬಿಚ್ಚಿ ಮೈಸೂರು ರಾಜ್ಯದ ಗೂಟಕ್ಕೆ ಕಟ್ಟಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಶಾಸಕರು ಬಿಳಿ ಪಂಚೆ ಉಟ್ಟು ಬರುತ್ತಿದ್ದರು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಹೋಗುತ್ತಿದ್ದರು. ಕುಂಬ್ರದಲ್ಲಿ ಒಮ್ಮೆ ಭಾಷಣದ ನಡುವೆ ರಸ್ತೆಯಾಚೆಯ ಗದ್ದೆಯ ಪೈರು ಹಳದಿಯಾದದ್ದು ಕಣ್ಣಿಗೆ ಬಿತ್ತು. "ಒಂದು ನಿಮಿಷ" ಎಂದವರೇ ವೇದಿಕೆ ಇಳಿದು ಗದ್ದೆಗೆ ಹೋದರು. ಅವರ ಹಿಂದೆ ಸಭೆಯೂ ಹೋಯಿತು. ಅಧ್ಯಕ್ಷರು ಒಬ್ಬರೇ ಹಾರ ಹಾಕಿಕೊಂಡು ಕುರ್ಚಿಯಲ್ಲಿ ಉಳಿದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸುವ ಹದವನ್ನು ನಮ್ಮ ಅಪ್ಪನಿಗೆ ಸರಿಯಾಗಿ ಕಲಿಸಿದವರೂ ಅವರೇ. ಬೆರೆಸಿದ ನೀರಿನಲ್ಲಿ ಉಜ್ಜಿದ ಚೂರಿ ಅದ್ದಬೇಕು, ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಇಷ್ಟು ತಿಳಿದವರನ್ನು ನಾವು ಗೆಲ್ಲಿಸದೆ ಇನ್ನು ಯಾರನ್ನು ಗೆಲ್ಲಿಸುವುದು?

ಆರೋಗ್ಯದ ಬಗ್ಗೆ ಅವರ ಮತ ಬೇರೆಯೇ. "ಕುಚ್ಚಲಕ್ಕಿ ಗಂಜಿ ಉಂಡು ಬಿಸಿಲಲ್ಲಿ ಬೆವರು ಸುರಿಸುವವನಿಗೆ ಎಂತ ರೋಗ ಮಾರಾಯ್ರೆ? ರೋಗ ಇರುದು ಪೇಟೆಯಲ್ಲಿ, ಹೋಟೇಲಿನ ಚಾದಲ್ಲಿ. ಊರಿಗೆ ವಕೀಲ ಬಂದ್ರೆ ವ್ಯಾಜ್ಯ ಹುಟ್ತದೆ, ಡಾಕ್ಟ್ರು ಬಂದ್ರೆ ರೋಗ ಹುಟ್ತದೆ." ಇದನ್ನು ಅವರು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಚಳಿಜ್ವರ ಬಂದವರೂ ಕಂಬಳಿಯೊಳಗಿಂದ ಕೈ ಹೊರಗೆ ತೆಗೆದು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿದ್ದೇನೆ.

ನಮ್ಮ ಊರು ಕಡಬದಿಂದ ಇಚಿಲಂಪಾಡಿಯ ಕಡೆಗೆ ಹೋಗುವಾಗ ಒಳಕ್ಕೆ ಬರುತ್ತದೆ. ನಾನು ಅಲ್ಲಿನ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರು, ಇಪ್ಪತ್ತೆರಡು ವರ್ಷ. ಮನೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ. ಅಮ್ಮ ತೀರಿಹೋದ ಮೇಲೆ ಅತ್ತಿಗೆಯೇ ಮನೆ ನಡೆಸುತ್ತಿದ್ದರು. ಮನೆ ನಡೆಸುವುದು ಎಂದರೆ ನಾಲ್ಕು ಜನರಿಗೆ, ಐದು ದನಗಳಿಗೆ, ಆಳುಗಳಿಗೆ ಹೊತ್ತುಹೊತ್ತಿಗೆ ಬೇಯಿಸಿ ಹಾಕುವುದು, ಮೇಲೆ ಗದ್ದೆ ಕೆಲಸ, ಅದರ ಮೇಲೆ ನಮ್ಮ ಮೂವರ ಠೇಂಕಾರ. ಮನೆಮಾತು ತುಳು; ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತುಳುವಿನಲ್ಲಿ ಅತ್ತಿಗೆಯ ಬೈಗುಳ ಇನ್ನೂ ಚೆನ್ನಾಗಿತ್ತು.

ಅತ್ತಿಗೆಗೆ ಚಳಿಜ್ವರ. ದಿನ ಬಿಟ್ಟು ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಪುತ್ತೂರಿನ ಬಸ್ಸಿಗಿಂತ ಸಮಯಕ್ಕೆ ಸರಿಯಾಗಿ ಬರುತ್ತಿತ್ತು. ಎರಡು ಕಂಬಳಿ, ಮೇಲೆ ಅಕ್ಕಿಯ ಗೋಣಿ ಹೊದೆಸಿದರೂ ಮಂಚ ಸದ್ದು ಮಾಡುತ್ತಿತ್ತು. ಮೂರು ಗಂಟೆಗೆ ಬೆವರು ಬಿಟ್ಟು ಜ್ವರ ಇಳಿಯುತ್ತಿತ್ತು. ಅತ್ತಿಗೆ ಎದ್ದು, ಸೀರೆ ಬದಲಾಯಿಸಿ, ದನದ ಹಟ್ಟಿಗೆ ಹೋಗುತ್ತಿದ್ದರು. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಬೆಳೆದು ಬಗ್ಗಲು ಕಷ್ಟವಾಗುತ್ತಿತ್ತು. ನಾವು ಬುದ್ಧಿವಂತರು ಈ ಜ್ವರಕ್ಕೆ ಹೊಂದಿಕೊಂಡಿದ್ದೆವು. ಜ್ವರದ ದಿನ ಮಧ್ಯಾಹ್ನದ ಅಡಿಗೆಯನ್ನು ಬೆಳಗ್ಗೆಯೇ ಮಾಡಿಡಬೇಕೆಂಬುದು ಮನೆಯ ಪದ್ಧತಿಯಾಗಿತ್ತು. ಮಾಡುತ್ತಿದ್ದದ್ದು ಅತ್ತಿಗೆಯೇ.

ಪುತ್ತೂರಿಗೆ ಕರೆದುಕೊಂಡು ಹೋಗಬಹುದಿತ್ತು. ಬಸ್ಸಿನ ದಾರಿಗೆ ಎರಡು ಗಂಟೆ ನಡಿಗೆ, ಮಳೆಗಾಲದಲ್ಲಿ ನಡುವೆ ದೋಣಿ. ಹೋಗಿ ಬರಲು ಎರಡು ದಿನ. ಅಣ್ಣ "ನಾಟಿ ಒಂದು ಮುಗಿಯಲಿ" ಎನ್ನುತ್ತಿದ್ದ. ನಾಟಿ ಮುಗಿದರೆ "ಅಡಿಕೆಗೆ ಮದ್ದು ಬಿಟ್ಟು ಆಗಲಿ," ಅದಾದರೆ ಕೊಯ್ಲು. ಅಡಿಕೆ ಮರಕ್ಕೆ ಮಳೆಗಾಲದಲ್ಲಿ ಎರಡು ಸಲ ತಪ್ಪದೆ ಮದ್ದು ಬಿಡುತ್ತಿದ್ದೆವು. ಅತ್ತಿಗೆಗೆ ಕಿರಾತಕಡ್ಡಿಯ ಕಷಾಯ ಕೊಡುತ್ತಿದ್ದೆವು, ಅದೂ ಅವರೇ ಕುದಿಸಿಕೊಂಡರೆ. ಅತ್ತಿಗೆಯೂ ಹೊರಡುವವರಲ್ಲ. ಮನೆಯಲ್ಲಿ ಒಂದು ಕೆಂದು ದನವಿತ್ತು, ಅದು ಅವರಿಗೆ ಬಿಟ್ಟು ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. "ನಾನು ಹೋದ್ರೆ ಅದನ್ನು ಕರೆಯುದು ಯಾರು, ನಿನ್ನ ಶಾಲೆಯ ಮಕ್ಕಳಾ?" ಎಂದು ನನ್ನನ್ನು ಕೇಳುತ್ತಿದ್ದರು.

ನಮ್ಮಲ್ಲಿ ಜ್ವರ ಇಲ್ಲದ ಮನೆಯೇ ಇರಲಿಲ್ಲ. ಹಾಗಾಗಿ ಊರಿಗೊಂದು ಆಸ್ಪತ್ರೆ ಬೇಕೆಂದು ನಾನು ಅರ್ಜಿ ಬರೆದೆ. ಒಳ್ಳೆಯ ಅರ್ಜಿ, 'ಘನತೆವೆತ್ತ' ಎಂಬುದೇ ನಾಲ್ಕು ಕಡೆ ಬಂದಿತ್ತು. ಎಲ್ಲರ ರುಜು, ರುಜು ಬಾರದವರ ಹೆಬ್ಬೆಟ್ಟು ಹಾಕಿಸಿದೆ. ಮೊದಲ ಉದಾಹರಣೆಯಾಗಿ, ಹೆಸರು ಹೇಳದೆ, ಅತ್ತಿಗೆಯ ಸಂಗತಿಯನ್ನೇ ಬರೆದಿದ್ದೆ. ಶಾಸಕರು ಇಚಿಲಂಪಾಡಿಗೆ ಬರುವವರಿದ್ದರು, ಹೋಗುವಾಗ ನಮ್ಮಲ್ಲಿ ಊಟ ಮಾಡುತ್ತೇನೆಂದು ಹೇಳಿ ಕಳುಹಿಸಿದರು. ಅರ್ಜಿ ಕೊಡಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನು ಯಾವುದು? ಅತ್ತಿಗೆಯ ಕಾಯಿಲೆಗೆ ಒಂದು ದಾರಿ ಆಯಿತೆಂದೇ ನಾನು ನಂಬಿದೆ.

ಅತಿಥಿ ಬರುತ್ತಾರೆಂದರೆ ನಮ್ಮವರು ಮೊದಲು ಮಾಡುವ ಕೆಲಸ ಮನೆಯನ್ನು ಚೊಕ್ಕ ಮಾಡುವುದು. ಮಲೇರಿಯಾದವರು ಪಂಪು ಹೊತ್ತುಕೊಂಡು ಬಂದು ಗೋಡೆಗೆಲ್ಲ ಡಿಡಿಟಿ ಹೊಡೆದು ಹೋಗಿ ವಾರವಾಗಿರಲಿಲ್ಲ. ಸೊಳ್ಳೆ ಸಾಯಬೇಕಾದರೆ ಕೆಲವು ತಿಂಗಳು ಗೋಡೆ ಮುಟ್ಟಬೇಡಿ ಎಂದು ಹೇಳಿದ್ದರು. ಆದರೆ ಗೋಡೆಯ ಮೇಲೆ ಬಿಳಿ ಕಲೆ! ಶಾಸಕರು ಏನು ತಿಳಿದುಕೊಂಡಾರು? ಊರಿನ ಹೆಂಗಸರೆಲ್ಲ ಎರಡು ದಿನ ಕೂತು ಕೆಮ್ಮಣ್ಣು ಕಲಸಿ ಗೋಡೆ ಬಳಿದರು. ಡಿಡಿಟಿಯ ಗುರುತೂ ಉಳಿಯಲಿಲ್ಲ. ಆಸ್ಪತ್ರೆ ಕೇಳುವ ಸಂಭ್ರಮದಲ್ಲಿ ಸೊಳ್ಳೆಗಳಿಗೆ ಅಭಯ ಕೊಟ್ಟೆವು.

ಆಮೇಲೆ ಕಾಯಿಲೆಯವರನ್ನು ಸಾಗಿಸಿದರು. ಇದನ್ನು ಯಾರೂ ಸಭೆ ಕೂಡಿ ನಿಶ್ಚಯಿಸಿದ್ದಲ್ಲ. ದೊಡ್ಡವರು ಬರುವ ದಿನ ಅವರ ಕಣ್ಣೆದುರು ಕೆಮ್ಮುವುದು, ನರಳುವುದು ಮರ್ಯಾದೆಯಲ್ಲ, ಅಷ್ಟೇ. ಪಕ್ಕದ ಮನೆಯ ಅಜ್ಜನನ್ನು, ಅವರ ಕೆಮ್ಮಿನ ಸಮೇತ, ಮಗಳ ಮನೆಗೆ ಕಳುಹಿಸಿದರು. ಹೊಟ್ಟೆ ಉಬ್ಬಿದ ಮಕ್ಕಳನ್ನು ಗುಡ್ಡೆಗೆ ದನ ಮೇಯಿಸಲು ಅಟ್ಟಿದರು. ಉಳಿದವರು ಎಣ್ಣೆ ಹಚ್ಚಿ ಮಿಂದು, ಒಗೆದ ಬಟ್ಟೆ ಉಟ್ಟು ನಮ್ಮ ಅಂಗಳಕ್ಕೆ ಬಂದರು. ನನ್ನ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅರ್ಧಕ್ಕರ್ಧ ಜನ ಆ ದಿನ ಊರಿನಲ್ಲೇ ಇರಲಿಲ್ಲ.

ಮುಖ್ಯ ಕಾಯಿಲೆಯವರನ್ನು ಮಾತ್ರ ಸಾಗಿಸುವಂತಿರಲಿಲ್ಲ, ಅಡಿಗೆ ಮಾಡಬೇಕಾದವರು ಅವರೇ. ಬೆರಳು ಮಡಿಚಿ ಎಣಿಸಿದರೆ ಆ ದಿನವೇ ಅತ್ತಿಗೆಯ ಜ್ವರದ ಸರದಿ. ಅಣ್ಣ ಬೆಳಗ್ಗೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತು, "ಇವತ್ತು ಒಂದು ದಿನ ಆ ಚಳಿಯನ್ನು ಹೇಗಾದ್ರೂ ತಡೀಲಿಕ್ಕೆ ಆಗುದಿಲ್ವಾ?" ಎಂದು ಕೇಳಿದ.

ಅತ್ತಿಗೆ ಒಲೆಯ ಎದುರಿನಿಂದ ತಿರುಗಿಯೂ ನೋಡಲಿಲ್ಲ. "ಹೇಳಿ ನೋಡ್ತೇನೆ. ಶಾಸಕರು ಬರ್ತಾರಂತೆ, ನಾಳೆ ಬಾ ಅಂತ."

ಶಾಸಕರು ಹನ್ನೊಂದೂವರೆಗೆ ಬಂದರು. ಬೆಲ್ಲ ನೀರು ಕುಡಿದು, ಅಂಗಳದಲ್ಲಿ ನಿಂತ ಜನರ ಕಡೆ ತಿರುಗಿ, ಸಂಭಾವಿತರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಎಲ್ಲ ಸೌಖ್ಯವಾ?"

"ಸೌಖ್ಯ!" ಎಂದಿತು ಇಡೀ ಅಂಗಳ. ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಹೆಣ ಅಂಗಳದಲ್ಲಿದ್ದರೂ ಮೊದಲು ಸೌಖ್ಯ ಎಂದು, ಆಮೇಲೆ ಸಂಗತಿ ಹೇಳುವವರು ನಾವು.

"ಅಡಿಕೆ ಹೇಗುಂಟು?" ಎಂದು ಕೇಳಿದರು. ಅಷ್ಟೇ, ಕಟ್ಟೆ ಒಡೆಯಿತು. ಕೊಳೆರೋಗ, ಎಳೆಕಾಯಿ ನಳ್ಳಿ ಉದುರುವುದು, ಮಂಗನ ಕಾಟ, ಮೈಲುತುತ್ತು ಸಿಗದಿರುವುದು. ಎಲ್ಲರೂ ಒಟ್ಟಿಗೆ ಮಾತಾಡಿದರು. "ದನಗಳು?" ಎಂದರು. ಕಾಲುಬಾಯಿ ರೋಗ ಬಂದು ಯಾರ ಎತ್ತು ಹೋಯಿತು, ಯಾವ ಎಮ್ಮೆಯ ಕರು ಅಡ್ಡ ಬಂತು, ಯಾವ ದನದ ಕೆಚ್ಚಲು ಬತ್ತಿತು, ಎಲ್ಲ ಬಂತು. ಹೆಂಡತಿಗೆ ಎಷ್ಟು ದಿನದಿಂದ ರಕ್ತಭೇದಿ ಎಂದು ಯಾರಿಗೂ ಹೇಳದ ಮನುಷ್ಯ, ತನ್ನ ಎತ್ತಿನ ಸೆಗಣಿ ಯಾವ ಬಣ್ಣಕ್ಕೆ ತಿರುಗಿದೆ ಎಂಬುದನ್ನು ಕಣ್ಣಲ್ಲಿ ನೀರು ತಂದುಕೊಂಡು ವಿವರಿಸಿದ. ಶಾಸಕರ ಕಣ್ಣೂ ಒದ್ದೆಯಾಯಿತು. ಜೊತೆಗಿದ್ದ ಗುಮಾಸ್ತರಿಗೆ "ಬರ್ಕೊಳ್ಳಿ, ಎಲ್ಲ ಬರ್ಕೊಳ್ಳಿ" ಎಂದರು.

ಊಟಕ್ಕೆ ಕೂತರು. ಅತ್ತಿಗೆ ಬಡಿಸಲು ಬಂದರು. ಮುಖದಲ್ಲಿ ಬಣ್ಣವಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದರು. ಸೌಟು ಸಾರಿನ ಪಾತ್ರೆಯ ಅಂಚಿಗೆ ತಾಗಿ ಟಕಟಕ ಸದ್ದಾಗುತ್ತಿತ್ತು. ಶಾಸಕರು ತಲೆ ಎತ್ತಿ ನಕ್ಕು, "ಸೌಖ್ಯವಾ ಅಕ್ಕ?" ಎಂದರು.

"ಸೌಖ್ಯ," ಎಂದರು ಅತ್ತಿಗೆ. ಸಾರು ಎಲೆಯ ಹೊರಗೆ ಬಿತ್ತು.

ನಾನು ಎದುರಿನ ಸಾಲಿನಲ್ಲಿ ಕೂತಿದ್ದೆ. ಶಾಸಕರು ನನ್ನ ಕಡೆ ತಿರುಗಿ, "ಏನು ಮಾಸ್ಟ್ರೆ, ಶಾಲೆ, ಮನೆ, ಎಲ್ಲ ಸೌಖ್ಯವಾ?" ಎಂದು ಕೇಳಿದರು. ಅರ್ಜಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅತ್ತಿಗೆ ಇನ್ನೂ ಅಲ್ಲೇ ನಿಂತಿದ್ದರು. ನನ್ನ ಬಾಯಿಯಿಂದ "ಸೌಖ್ಯ" ಎಂದು ಬಂತು. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ಮಕ್ಕಳಿಗೆ ಗಾದೆ ಬರೆಸುವ ಮಾಸ್ತರು ನಾನು. ಆ ದಿನದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ.

ಕೈ ತೊಳೆದ ಮೇಲೆ ಅರ್ಜಿ ಕೊಟ್ಟೆ. ಶಾಸಕರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಆಮೇಲೆ ನನ್ನ ಬೆನ್ನು ತಟ್ಟಿದರು. "ಭಾಷೆ ಒಳ್ಳೇದುಂಟು ಮಾಸ್ಟ್ರೆ. ಆದ್ರೆ ನೀವೇ ಈಗ ಸೌಖ್ಯ ಅಂದ್ರಲ್ಲ? ಇಡೀ ಊರು ಹೇಳಿತು. ಆ ಅಕ್ಕನನ್ನು ನೋಡಿ, ಇಷ್ಟು ಜನಕ್ಕೆ ಒಬ್ಬರೇ ಬಡಿಸಿದ್ರು. ಇದೇ ನಾನು ಹೇಳುದು. ಹಳ್ಳಿಯವರಿಗೆ ರೋಗ ಇಲ್ಲ, ಪೇಟೆಯ ಪೇಪರು ಓದಿ ಉಂಟು ಅಂತ ತಿಳ್ಕೊಳ್ತಾರೆ." ಅರ್ಜಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡು ಜೀಪು ಹತ್ತಿದರು. ಒಳಗೆ ಹೋಗಿ ನೋಡಿದರೆ ಅತ್ತಿಗೆ ಎಂಜಲೆಲೆಗಳ ಪಕ್ಕದಲ್ಲೇ ನೆಲದ ಮೇಲೆ ಮುದ್ದೆಯಾಗಿ ಮಲಗಿದ್ದರು.

"ಹೇಳ್ಬಹುದಿತ್ತಲ್ಲ ಅತ್ತಿಗೆ," ಎಂದೆ ನಾನು, ನಾನೇ ಹೇಳದವನು.

"ಉಣ್ಲಿಕ್ಕೆ ಕೂತವರಿಗೆ ಹೇಳುದಾ ಅದನ್ನೆಲ್ಲ?" ಎಂದರು, ಹಲ್ಲು ಕಟಕಟ ಎನ್ನುತ್ತಿರುವಾಗಲೇ. "ಗೋಣಿ ತಾ."

ಒಂದೂವರೆ ವರ್ಷದ ಮೇಲೆ ಸರಕಾರದ ಹುಕುಂ ಬಂತು. ಊರಿಗೆ ಆಸ್ಪತ್ರೆ ಮಂಜೂರಾಗಿತ್ತು, ದನದ ಆಸ್ಪತ್ರೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವದ ಮೇಲೆ ಹಾಕುವಂತಿಲ್ಲ, ನಾವು ಬಾಯಿಬಿಟ್ಟು ಕೇಳಿದ್ದೇ ಬಂದದ್ದು. ಶಾಸಕರೇ ಬಂದು ರಿಬ್ಬನ್ ಕತ್ತರಿಸಿದರು. "ದನ ಸೌಖ್ಯ ಇದ್ರೆ ಮನೆ ಸೌಖ್ಯ" ಎಂದು ಭಾಷಣ ಮಾಡಿದರು. ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನು.

ಅಲ್ಲಿಗೆ ಬಂದ ಡಾಕ್ಟರು ಧಾರವಾಡದ ಕಡೆಯ ಹುಡುಗ. ತುಳು ಬಾರದು, ನಮ್ಮ ಕನ್ನಡಕ್ಕೆ ನಗು, ಕುಚ್ಚಲಕ್ಕಿ ಕಂಡರೆ ಅಳು. ಆದರೆ ಕೆಲಸಗಾರ. ದನದ ಕಿವಿ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು, ಸೆಗಣಿ ಮೂಸಿ ನೋಡುತ್ತಿದ್ದ. ಒಡೆಯ ಹೇಳುವ ಪುರಾಣವನ್ನು ಅರ್ಧ ಮಾತ್ರ ಕೇಳುತ್ತಿದ್ದ.

ಆ ಬೇಸಿಗೆ ನಮ್ಮ ಕೆಂದು ದನಕ್ಕೆ ಕೆಚ್ಚಲು ಬಾತುಕೊಂಡಿತು. ಅದು ಅತ್ತಿಗೆ ಇಲ್ಲದೆ ಹೆಜ್ಜೆ ಇಡದು. ಹಾಗಾಗಿ ಅಣ್ಣ ಹಗ್ಗ ಹಿಡಿದ, ಅತ್ತಿಗೆ ಅದರ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದರು, ಧಾರವಾಡದ ಮಾತನ್ನು ಊರಿನ ಮಾತಿಗೆ ತರಲು ನಾನು ಹಿಂದಿನಿಂದ ಹೋದೆ. ದನಕ್ಕೆ ಆಯಾಸವಾಗಬಾರದೆಂದು ಅಣ್ಣ ದಾರಿಯಲ್ಲಿ ಎರಡು ಕಡೆ ನೆರಳಿನಲ್ಲಿ ನಿಲ್ಲಿಸಿದ, ನೀರು ಕುಡಿಸಿದ.

ಡಾಕ್ಟರು ದನಕ್ಕೆ ಸೂಜಿ ಹಾಕಿ, ಕೈ ತೊಳೆದು ತಿರುಗಿದ. ಅತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದರು. ಅವನು ನೇರ ಹತ್ತಿರ ಹೋಗಿ, ಏನೂ ಕೇಳದೆ, ಹೆಬ್ಬೆರಳಿನಿಂದ ಅವರ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ. ದನಕ್ಕೆ ಮಾಡಿದಂತೆಯೇ. ಒಳಗೆ ಬಿಳಿ ಬಟ್ಟೆಯಂತಿತ್ತು. ಅಣ್ಣನಿಗೆ ಸಿಟ್ಟು ಬಂತು. "ಅವಳಿಗೆ ಎಂತ ಇಲ್ಲ ಡಾಕ್ಟ್ರೆ, ಸೌಖ್ಯ ಇದ್ದಾಳೆ," ಎಂದ.

"ನಾ ನಿಮ್ಮನ್ನ ಕೇಳಿಲ್ರಿ," ಎಂದ ಡಾಕ್ಟರು. "ನನ್ನ ಕಡೆ ಬರೂವು ಒಂದೂ ಮಾತಾಡೂದಿಲ್ಲ. ಅದಕ್ಕ ನಾ ಕೇಳೂದು ಬಿಟ್ಟು ನೋಡೂದು ಕಲ್ತೀನಿ. ಈಕೀ ಮೈಯಾಗ ರಕ್ತ ಇಲ್ಲ. ಇಂಥವರನ್ನ ಈ ಬಿಸಲಾಗ ನಡಿಸ್ಕೊಂಡು ಬಂದೀರೇನು? ಆಕಳು ಈ ಸ್ಥಿತಿಯೊಳಗಿದ್ರ ನನ್ನನ್ನ ಮನೀಗೆ ಕರಸ್ತಿದ್ರಿ."

ಅಣ್ಣ ನನ್ನ ಮುಖ ನೋಡಿದ. ಈ ಮಾತನ್ನು ತುಳುವಿಗೆ ತರುವ ಅಗತ್ಯವಿರಲಿಲ್ಲ, ಅವನಿಗೆ ಪೂರ್ತಿ ಅರ್ಥವಾಗಿತ್ತು. ಡಾಕ್ಟರು ದನದ ಆಸ್ಪತ್ರೆಯ ಕಾಗದದಲ್ಲೇ ಪುತ್ತೂರಿನ ಡಾಕ್ಟರಿಗೆ ನಾಲ್ಕು ಸಾಲು ಗೀಚಿ, ಅದೇ ದಿನ ಪುತ್ತೂರಿಗೆ ಹೊರಟಿದ್ದ ಇಲಾಖೆಯ ಜೀಪಿನಲ್ಲಿ ನಮ್ಮನ್ನು ಕೂರಿಸಿದ. ದನವನ್ನು ತಾನು ನೋಡಿಕೊಳ್ಳುತ್ತೇನೆ ಎಂದ. ಜೀಪಿನಲ್ಲಿ ಅಣ್ಣ ಹೆಗಲ ಬೈರಾಸು ವಸ್ತ್ರವನ್ನು ಮಡಿಚುತ್ತ, ಬಿಚ್ಚುತ್ತ ಕೂತಿದ್ದ.

ಅತ್ತಿಗೆ ಉಳಿದರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಇಪ್ಪತ್ತು ದಿನ ಪುತ್ತೂರಿನಲ್ಲಿದ್ದು ಬಂದರು, ಆಮೇಲೆ ಮೂವತ್ತು ವರ್ಷ ನಮ್ಮನ್ನು ಬೈದುಕೊಂಡೇ ಬದುಕಿದರು. ಆ ಇಪ್ಪತ್ತು ದಿನ ನಾವು ಮೂವರು ಗಂಡಸರು ಬೇಯಿಸಿದ ಅನ್ನವನ್ನು ನಾಯಿ ಮೂಸಿ ನೋಡಿ ಹೋಗುತ್ತಿತ್ತು. ಶಾಸಕರೂ ತಮ್ಮ ಅಭಿಪ್ರಾಯವನ್ನು ಕೊನೆಯವರೆಗೆ ಬಿಡಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ಆದರೆ ನಾನು ಹೇಳಲು ಹೊರಟದ್ದು ಪುತ್ತೂರಿನ ಆಸ್ಪತ್ರೆಯಲ್ಲಿ ಕಳೆದ ಮೊದಲ ಹತ್ತು ನಿಮಿಷ.

ಅಲ್ಲಿನ ಡಾಕ್ಟರು ವಯಸ್ಸಾದವರು. ದನದ ಆಸ್ಪತ್ರೆಯ ಕಾಗದ ನೋಡಿ ಮೊದಲು ನಕ್ಕರು, ಓದಿದ ಮೇಲೆ ನಗು ನಿಲ್ಲಿಸಿದರು. ಅತ್ತಿಗೆಯನ್ನು ಮಲಗಿಸಿ ಪಕ್ಕೆಯ ಗಡ್ಡೆ ಒತ್ತಿ ನೋಡಿದರು. "ಎಷ್ಟು ಸಮಯದಿಂದ ಉಂಟು ಈ ಜ್ವರ?" ಎಂದು ಕೇಳಿದರು.

"ಎರಡು, ಎರಡೂವರೆ ವರ್ಷ ಆಗಿರ್ಬಹುದು," ಎಂದ ಅಣ್ಣ. ನಾನೂ ತಲೆಯಾಡಿಸಿದೆ. ಅರ್ಜಿ ಬರೆದಾಗ 'ಕಳೆದ ಒಂದು ವರ್ಷದಿಂದ' ಎಂದು ನಾನೇ ಬರೆದಿದ್ದೆನಲ್ಲ.

"ನೀವಲ್ಲ. ಅಮ್ಮ, ನೀವು ಹೇಳಿ."

ಅತ್ತಿಗೆ ಮಾಡಿನ ಹೆಂಚುಗಳನ್ನು ನೋಡುತ್ತ ಮಲಗಿದ್ದರು. "ಮೊದಲಿಗೆ ಮಳೆಗಾಲದಲ್ಲಿ ಮಾತ್ರ ಬರ್ತಿತ್ತು," ಎಂದರು. "ಇವರಿಗೆ ಗೊತ್ತಿಲ್ಲ. ಆಗ ನಾನು ಹಟ್ಟಿಯಲ್ಲಿ ಬೈಹುಲ್ಲಿನ ಒಳಗೆ ಮಲಗ್ತಿದ್ದೆ. ದನದ ಹತ್ರ ಬೆಚ್ಚಗೆ ಆಗ್ತದೆ. ಕೆಂದು ದನ ಚೊಚ್ಚಲ ಕರು ಹಾಕಿದ ಮಳೆಗಾಲದಲ್ಲಿ ಶುರು ಆದದ್ದು."

"ಅದು ಯಾವಾಗ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು ಡಾಕ್ಟರು.

"ಆರು ವರ್ಷ," ಎಂದ ಅಣ್ಣ, ಒಂದು ಕ್ಷಣವೂ ಯೋಚಿಸದೆ. "ಬರುವ ಆಟಿ ತಿಂಗಳಿಗೆ ಸರಿಯಾಗಿ ಆರು ತುಂಬ್ತದೆ."

ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಅತ್ತಿಗೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಡಾಕ್ಟರು ಚೀಟಿಯಲ್ಲಿ ಆರು ವರ್ಷ ಎಂದು ಬರೆದುಕೊಂಡರು.